ಕೈಸುವಿನ ಸುಟ್ಟ ಕೂದಲು
ಫಿನ್ಲೆಂಡಿನ ಟಾಂಪೆರೆಯಲ್ಲಿ ತೂಯಿರೆಯ ಸಲೂನಿಗೆ ಪ್ರತಿ ಶುಕ್ರವಾರ ಎಲ್ಲರಿಗಿಂತ ಮೊದಲು ಬರುವವಳು ಕೈಸು. ಉಣ್ಣೆಯ ಟೋಪಿ ತೆಗೆಯುವ ಮುನ್ನವೇ, "ಇವತ್ತೂ ಬಾಚಣಿಗೇಲಿ ಒಂದು ಹಿಡಿ ಬಂತು ಕಣೇ, ಉಳಿಯುತ್ತಾ ಇದು?" ಎಂದು ಕೇಳುತ್ತಾಳೆ. ತಿಂಗಳು ತಿಂಗಳೂ ಹೊಂಬಣ್ಣ ಬಳಿದು, ದಿನವೂ ಕಾದ ಸ್ಟ್ರೈಟ್ನರ್ ಎಳೆದು, ಕೂದಲು ಒಣಹುಲ್ಲಿನಂತಾಗಿದೆ. ಊರಿನ ಎಣ್ಣೆಗಳೆಲ್ಲ ಆ ತಲೆಯನ್ನು ಹತ್ತಿ ಇಳಿದಿವೆ. ಮೊಟ್ಟೆ, ಮೊಸರು, ಬಿಯರ್ ಕೂಡ. ಸೌನಾದ ಬಿಸಿ ಹಬೆಕೋಣೆಯಲ್ಲೂ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಬಾಗಿಲ ಬಳಿಯೇ ಕೂರುತ್ತಾಳಂತೆ. "ಗಿಡ್ಡಕ್ಕೆ ಕತ್ತರಿಸಿಬಿಡೋಣ, ನಿನ್ನ ಕಂದು ಗುಂಗುರು ಮತ್ತೆ ಬರುತ್ತೆ" ಎಂದು ತೂಯಿರೆ ಹೇಳಿದರೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಾಳೆ. ಇಂಥ ಅಲಂಕಾರದ ಹುಚ್ಚಿನವರನ್ನು ತೂಯಿರೆ ಎಷ್ಟೋ ಕಂಡಿದ್ದಳು. ಕಳೆದ ವಾರ ಕಿವಿಯ ಮೇಲಿನ ಒಂದು ಗೊಂಚಲು ಕೈಗೇ ಕಿತ್ತು ಬಂದಾಗ ಮಾತ್ರ, "ಯಾರಿಗೋಸ್ಕರ ಇಷ್ಟೆಲ್ಲ?" ಎಂದು ಗದರಿದಳು. ಕೈಸು ಕನ್ನಡಿಯತ್ತಲೇ ನೋಡುತ್ತ ಹೇಳಿದಳು: "ಅಮ್ಮನಿಗೆ ಮರೆವು. ನಾನು ಯಾರು ಅಂತಲೇ ಗೊತ್ತಾಗಲ್ಲ. ತೀರಿಹೋದ ನನ್ನ ಅಕ್ಕ ಹೆಲ್ಮಿ ಬರ್ತಾಳೆ ಅಂತ ಊಟ ಬಿಟ್ಟು ಕಾಯ್ತಾಳೆ. ಅಕ್ಕಂದು ನೆಟ್ಟನೆ ಹೊಂಬಣ್ಣದ ಕೂದಲು. ಹೀಗೆ ಹೋದ್ರೆ ನನ್ನ ಕೈಯಿಂದ ತಿಂತಾಳೆ." ತೂಯಿರೆ ಅಗಲ ಹಲ್ಲಿನ ಬಾಚಣಿಗೆ ಎತ್ತಿಕೊಂಡು, "ಹೆಲ್ಮಿ ಬೈತಲೆ ಯಾವ ಕಡೆ ತೆಗೀತಿದ್ಲು?" ಎಂದು ಕೇಳಿದಳು.