ಜ್ಯಾಕ್ ಸಿಲ್ವರ್ ಯಾರು ಅಂತ ದಿಯೋಲಿಂಡಾಗೆ ಗೊತ್ತು

ಬೆಳಗಿನ ಐದೂಮುಕ್ಕಾಲು. ಮೊದಲ ಹಾಲು ಕರೆದು ಮುಗಿಸಿದವರ ಪಿಕಪ್ ಗಾಡಿಗಳು ಒಂದೊಂದಾಗಿ ಮೆಂಡೋನ್ಸಾ ಮೇವಿನಂಗಡಿಯ ಮುಂದೆ ಬಂದು ನಿಲ್ಲುತ್ತಿವೆ. ಬೂಟಿಗೆ ಮೆತ್ತಿದ ಸಗಣಿಯನ್ನು ಮೆಟ್ಟಿಲಿಗೆ ಉಜ್ಜಿ ಒಳಗೆ ಬಂದರೆ ಅಂಗಡಿಯಲ್ಲಿ ಇನ್ನೂ ದೀಪ ಹಾಕಿಲ್ಲ. ಕಂಪ್ಯೂಟರ್ ಪರದೆಯ ನೀಲಿ ಬೆಳಕಿನಲ್ಲಿ ಒಂದು ದುಂಡು ಮುಖ ಮಾತ್ರ ತೇಲುತ್ತಿದೆ, ಬಾವಿಯೊಳಗೆ ಇಣುಕಿದ ಚಂದ್ರನ ಹಾಗೆ.

"ಮೊದಲು ಇದನ್ನ ಎಬ್ಬಿಸ್ಬೇಕು, ಆಮೇಲೆ ದೀಪ," ಅನ್ನುತ್ತಾರೆ ದಿಯೋಲಿಂಡಾ ಫುರ್ತಾದೋ. "ಇದಕ್ಕೆ ನನಗಿಂತ ನಿದ್ದೆ ಜಾಸ್ತಿ."

ಅರವತ್ಮೂರು ವರ್ಷದ ದಿಯೋಲಿಂಡಾ ಈ ಅಂಗಡಿಯ ಕೌಂಟರಿನ ಹಿಂದೆ ನಿಂತು ಹದಿನಾಲ್ಕು ವರ್ಷ. ಕರುಗಳ ಹಾಲುಪುಡಿ, ಹಗ್ಗ, ರಬ್ಬರ್ ಬೂಟು ಎಲ್ಲಾ ಮಾರುತ್ತಾರೆ. ಬೆನ್ನ ಹಿಂದಿನ ಬೀಗ ಹಾಕಿದ ಕಪಾಟಿನಲ್ಲಿ ಬಂದೂಕಿನ ತೋಟೆಗಳಿವೆ. ಕ್ಯಾಲಿಫೋರ್ನಿಯಾದ ಈ ಬಯಲಿನಲ್ಲಿ ದನ ಸಾಕುವ ಮನೆಯಲ್ಲಿ ಒಂದು ಬಂದೂಕು ಇದ್ದೇ ಇರುತ್ತದೆ. ಕರುಗಳ ಸುತ್ತ ತೋಳನಾಯಿ ಸುಳಿಯುತ್ತವೆ.

ಮೊದಲ ಗಿರಾಕಿ ನೆಲ್ಸನ್ ಬೋರ್ಬಾ ಚಾಲನಾ ಪರವಾನಗಿಯನ್ನು ಕೌಂಟರಿನ ಮೇಲಿಡುತ್ತಾನೆ.

"ತಿಯಾ, ಇವತ್ತು ನಾನು ಒಳ್ಳೆಯವನೋ ಕೆಟ್ಟವನೋ?"

ತಿಯಾ ಅಂದರೆ ಚಿಕ್ಕಮ್ಮ. ಊರಿನ ಅರ್ಧ ಜನಕ್ಕೆ ಅವರು ಚಿಕ್ಕಮ್ಮನೇ.

"ಅದನ್ನ ನಿನ್ನ ಹೆಂಡ್ತಿನ ಕೇಳು. ಈ ಪೆಟ್ಟಿಗೆ ನಿನ್ನ ಹೆಸರು ಮಾತ್ರ ನೋಡುತ್ತೆ."

ಸರದಿಯಲ್ಲಿದ್ದವರು ನಗುತ್ತಾರೆ. ಎರಡು ನಿಮಿಷದಲ್ಲಿ ಪರದೆ ಒಪ್ಪುತ್ತದೆ, ನೆಲ್ಸನ್ ತೋಟೆಯ ಪೆಟ್ಟಿಗೆ ಹಿಡಿದು ಹೊರಡುತ್ತಾನೆ.

ಇದು ಈ ಜುಲೈನಿಂದ ಬಂದ ನಿಯಮ. ತೋಟೆ ಬೇಕಾದವರು ಖುದ್ದಾಗಿ ಬಂದು ಪರವಾನಗಿ ತೋರಿಸಬೇಕು. ಬಂದೂಕು ಕೊಂಡಾಗ ಸರ್ಕಾರದ ದಾಖಲೆಯಲ್ಲಿ ಬರೆಸಿದ ಹೆಸರು, ವಿಳಾಸ ಇದರ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಪರದೆಗೆ ಬೇಡ ಅನ್ನಲು ಎರಡು ಮಾತು ಗೊತ್ತು. ಒಂದು 'ನಿಷಿದ್ಧ': ಈ ಮನುಷ್ಯ ಕೊಳ್ಳಕೂಡದು. ಇನ್ನೊಂದು 'ತಿರಸ್ಕೃತ': ಕಾಗದಗಳು ತಾಳೆಯಾಗಲಿಲ್ಲ, ಅಷ್ಟೇ. ಆದರೆ ಸರದಿಯಲ್ಲಿ ನಿಂತವರ ಕಿವಿಗೆ ಎರಡೂ ಒಂದೇ.

ಅದಕ್ಕೇ ದಿಯೋಲಿಂಡಾ ಆ ಎರಡನೆಯ ಮಾತನ್ನು ಬಾಯಿಬಿಟ್ಟು ಓದುವುದಿಲ್ಲ. ಕನ್ನಡಕ ಹಣೆಗೇರಿಸಿ, ಮುಂದಕ್ಕೆ ಬಾಗಿ, "ನಿಮ್ಮ ಹೆಸರು ಇನ್ನೂ ಹಡಗಲ್ಲೇ ಇದೆ, ಬಂದು ತಲುಪಿಲ್ಲ," ಅನ್ನುತ್ತಾರೆ.

ಪೋರ್ಚುಗೀಸ್ ಮೂಲದ ನಮ್ಮವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅಸೋರ್ಸ್ ದ್ವೀಪಗಳಿಂದ ಹಾಲು ಕರೆಯಲು ಬಂದವರಲ್ಲಿ ಒಂದೇ ಒಂದು ಹೆಸರಿರುವವರು ಕಡಿಮೆ. ದ್ವೀಪದ ಹೆಸರನ್ನು ಇಲ್ಲಿನ ಮೇಸ್ತ್ರಿ ಸಂಬಳದ ಚೀಟಿಯಲ್ಲಿ ತನ್ನ ನಾಲಿಗೆಗೆ ಬಂದಂತೆ ಬರೆದ, ಬರೆದದ್ದೇ ಉಳಿಯಿತು. ಮರಿಯಾನೋ ಮಾರ್ಟಿನ್ ಆದ, ಪೆರೇರಾ ಪೆರ್ರಿ ಆದ. ಒಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಯ ಶಾಲೆಗೆ ಸೇರಿದ ದಿಯೋಲಿಂಡಾಳನ್ನು ಟೀಚರು ಮೊದಲ ದಿನವೇ ಕತ್ತರಿಸಿ 'ಲಿಂಡಾ' ಮಾಡಿದರು. "ಉಳಿದರ್ಧ ಎಲ್ಲಿಗೆ ಹೋಯ್ತೋ ಅಂತ ರಾತ್ರಿಯೆಲ್ಲಾ ಯೋಚ್ನೆ ಮಾಡಿದ್ದೆ," ಎಂದು ನಗುತ್ತಾರೆ.

ಅಜ್ಜಿ ಹೇಳುತ್ತಿದ್ದ ದ್ವೀಪದ ಕಥೆಗಳಲ್ಲಿ ಬೆಟ್ಟದ ಬಾಗಿಲಿಗೊಬ್ಬ ಕಾವಲುಗಾರ ಇರುತ್ತಿದ್ದ. ಅವನಿಗೆ ಚಿನ್ನ ಬೇಡ, ಕತ್ತಿ ಬೇಡ. ನಿನ್ನ ನಿಜವಾದ ಹೆಸರು ಹೇಳು ಅನ್ನುತ್ತಿದ್ದ. ಎರಡು ಹೆಸರಿದ್ದವರು ಏನು ಮಾಡಬೇಕು ಅಂತ ಅಜ್ಜಿ ಹೇಳಲಿಲ್ಲ.

ದಿಯೋಲಿಂಡಾಗೆ ಅದು ಗೊತ್ತು. ಗಂಡನ ಜೊತೆ ಇಪ್ಪತ್ತೆರಡು ವರ್ಷ ದಿನಕ್ಕೆರಡು ಹೊತ್ತು ಹಾಲು ಕರೆದು, ಮಂಡಿಗಳೆರಡೂ ಸೋತ ಮೇಲೆ ಅವರು ಈ ಕೌಂಟರಿಗೆ ಬಂದವರು. ಅದಕ್ಕೂ ಮೊದಲಿನಿಂದ ಊರಿನ ಸಮುದಾಯ ಭವನಕ್ಕೆ ಸಾವಿನ ಸುದ್ದಿ ಬರೆದುಕೊಡುತ್ತಿದ್ದರು. ಸತ್ತವರ ಎರಡೂ ಹೆಸರು ಬರೆಯದಿದ್ದರೆ ಯಾರು ಹೋದರೆಂದೇ ಅರ್ಧ ಊರಿಗೆ ತಿಳಿಯುವುದಿಲ್ಲ. ಹಾಗೆ ನೂರಾರು ಮನೆಗಳ ಒಳಹೆಸರು, ಹೊರಹೆಸರು ಅವರ ತಲೆಯಲ್ಲಿ ಕೂತಿವೆ. ಶನಿವಾರ ನಲವತ್ತು ಜನ ಬಂದರೆ ಏಳೆಂಟು ಜನರ ಹೆಸರು ಕೂಡುವುದಿಲ್ಲ. ಅಂಥವರನ್ನು ಕೂರಿಸಿ, ತಿದ್ದುಪಡಿ ಅರ್ಜಿ ತುಂಬಿಸಿ, ಜೊತೆಗೆ ಯಾವ ಕಾಗದ ಇಡಬೇಕೆಂದು ಹೇಳಿಕೊಡುತ್ತಾರೆ. ಇದು ಅವರ ಕೆಲಸವಲ್ಲ. ಈವರೆಗೆ ಅರವತ್ತೊಂದು ಹೆಸರು ಸರಿಯಾಗಿವೆ.

ಅವುಗಳಲ್ಲಿ ಒಂದು ಅವರ ನಿದ್ದೆ ಕೆಡಿಸಿತ್ತು.

ಜುಲೈ ಎರಡನೆಯ ವಾರ ಎಂಬತ್ತನಾಲ್ಕು ವರ್ಷದ ಜುವಾಕಿಂ ಸಿಲ್ವೇರಾ ಬೆಳಗ್ಗೆ ಓಡೋಡಿ ಬಂದರು. ಅವರ ಹಸುವೊಂದು ಕಾಲುವೆಗೆ ಬಿದ್ದು ಬೆನ್ನು ಮುರಿದುಕೊಂಡಿತ್ತು. ಪಶುವೈದ್ಯರು ಮಧ್ಯಾಹ್ನದವರೆಗೆ ಬರುವಂತಿರಲಿಲ್ಲ. ಮನೆಯಲ್ಲಿ ಬಂದೂಕಿತ್ತು, ತೋಟೆ ಇರಲಿಲ್ಲ. ಪರದೆ 'ತಿರಸ್ಕೃತ' ಅಂದಿತು.

"ಸಿನ್ಯೋರ್ ಜುವಾಕಿಂ, ನಿಮ್ಮ ಹೆಸರು ಇನ್ನೂ ಹಡಗಲ್ಲೇ..."

"ಹಡಗು ಮುಳುಗ್ಲಿ! ಅದು ಅಲ್ಲಿ ಒದ್ದಾಡ್ತಿದೆ ಲಿಂಡಾ. ಒಂದೇ ಒಂದು ತೋಟೆ ಕೊಡು."

"ಕೊಡೋಕಾಗಲ್ಲ."

"ಐವತ್ತೆಂಟು ವರ್ಷ ಈ ಊರಲ್ಲಿದ್ದೀನಿ. ನಾನೇನು ಕಳ್ಳನಾ?"

ಹಿಂದೆ ಆರು ಜನ ನಿಂತಿದ್ದರು. ದಿಯೋಲಿಂಡಾ ತೋಟೆ ಕೊಡಲಿಲ್ಲ. ಪಕ್ಕದ ಜಮೀನಿನ ನೆಲ್ಸನ್‌ಗೆ ಫೋನ್ ಮಾಡಿದರು. ಅವನು ತನ್ನ ಬಂದೂಕು ತಂದು ಹಸುವಿನ ನೋವು ಮುಗಿಸಿದ. ಮುಖ ಕೆಂಪಾಗಿ ಹೊರಟುಹೋದ ಜುವಾಕಿಂ ಆಮೇಲೆ ಮೇವಿಗೂ ಬೇರೆ ಊರಿಗೆ ಹೋಗತೊಡಗಿದರು.

ಯಾಕೆ ಕೊಡಲಿಲ್ಲ? ದಿಯೋಲಿಂಡಾ ಕಪಾಟಿನ ಬೀಗ ಎಳೆದು ನೋಡುತ್ತಾರೆ. "ಅದರ ಹಿಂದಿನ ವಾರ ಇನ್ನೊಬ್ಬ ಬಂದಿದ್ದ. ಎಲ್ಲರ ಜೊತೆ ನಗ್ತಾ ಮಾತಾಡೋನು, ನನಗೂ ಇಷ್ಟ. ಪರದೆ 'ನಿಷಿದ್ಧ' ಅಂತು. ಅವನ ಹೆಂಡ್ತಿ ಅವನಿಗೆ ಭಯಬಿದ್ದು ಕೋರ್ಟಿನಿಂದ ತಡೆ ತಂದಿದ್ಲು ಅಂತ ಆಮೇಲೆ ಗೊತ್ತಾಯ್ತು. ನನ್ನನ್ನ ಕೇಳಿದ್ರೆ ಎರಡು ಪೆಟ್ಟಿಗೆ ಕೊಟ್ಟು ಕಳಿಸ್ತಿದ್ದೆ. ಮುಖ ನೋಡಿ ಕೊಡೋಷ್ಟು ಬುದ್ಧಿ ನನಗಿಲ್ಲ ಅಂತ ಅವತ್ತೇ ಕಲಿತೆ."

ಆದರೆ ಜುವಾಕಿಂ ಹೆಸರು ಎಲ್ಲಿ ತಪ್ಪಿತೆಂದು ಅವರಿಗೆ ಅಂದೇ ಹೊಳೆದಿತ್ತು. ಐದು ವರ್ಷದ ಹಿಂದೆ ಬಂದೂಕು ಕೊಂಡಾಗ ಅವರ ಪರವಾನಗಿಯಲ್ಲಿದ್ದದ್ದು ಮೇಸ್ತ್ರಿ ಇಟ್ಟ ಹೆಸರು: ಜ್ಯಾಕ್ ಸಿಲ್ವರ್. ಕಳೆದ ವರ್ಷ, ವಿಮಾನ ಹತ್ತಲು ಹೊಸ ಬಗೆಯ ಪರವಾನಗಿ ಬೇಕೆಂದಾಗ, ದ್ವೀಪದಿಂದ ಜನನಪತ್ರ ತರಿಸಿದರು. ಅಪ್ಪ ಇಟ್ಟ ಹೆಸರು ಕೊನೆಗೂ ಕಾರ್ಡಿನ ಮೇಲೆ ಬಂತು ಅಂತ ಊರಿಗೆಲ್ಲಾ ತೋರಿಸಿ, ಕಾಫಿ ಕುಡಿಸಿದ್ದರು. ಬಂದೂಕು ಮಾತ್ರ ಜ್ಯಾಕನ ಬಳಿಯೇ ಉಳಿದಿತ್ತು.

ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ, ಸಿಹಿ ಬ್ರೆಡ್ಡು ಕಟ್ಟಿಕೊಂಡು, ತಿದ್ದುಪಡಿ ಅರ್ಜಿ ಹಿಡಿದು ದಿಯೋಲಿಂಡಾ ಜುವಾಕಿಂ ಅವರ ಕೊಟ್ಟಿಗೆಗೇ ಹೋದರು.

"ಬಂದ್ಳಪ್ಪ ಪೊಲೀಸಮ್ಮ," ಅಂದರು ಜುವಾಕಿಂ, ತಿರುಗಿ ನೋಡದೆ.

"ಬೈಯೋದಿದ್ರೆ ಸಹಿ ಹಾಕಿ ಆಮೇಲೆ ಬೈರಿ. ಬ್ರೆಡ್ಡು ಆರುತ್ತೆ."

"ದುಡ್ಡು ಜಾಸ್ತಿ ಕಟ್ಟಿ, ನಾಲ್ಕು ದಿನ ಕಾದ್ರೆ ಬೇರೆ ತಪಾಸಣೆ ಇದೆಯಂತಲ್ಲ?"

"ಇದೆ. ಪ್ರತಿ ಸಲವೂ ನಿನ್ನೆ ಬಂದವರ ಹಾಗೆ ಕಾಯ್ಬೇಕು. ಬೇಕಾ?"

ಮುದುಕರು ಅರ್ಜಿಯನ್ನು ಟ್ರ್ಯಾಕ್ಟರಿನ ಬಾನೆಟ್ ಮೇಲೆ ಹರವಿಕೊಂಡು ತುಂಬ ಹೊತ್ತು ನೋಡಿದರು. "ಯಾರ ಸಹಿ ಹಾಕ್ಲಿ? ನಂದೋ, ಜ್ಯಾಕಂದೋ?"

"ನಿಮ್ಮದು. ಜ್ಯಾಕ್ ಯಾರು ಅಂತ ಹೇಳೋಕೆ ನಿಮ್ಮ ಜಮೀನಿನ ಪತ್ರ ಇದೆಯಲ್ಲ, ಅದರಲ್ಲಿ ಎರಡೂ ಹೆಸರಿದೆ."

ಅರ್ಜಿಯ ಜೊತೆ ಪತ್ರದ ನಕಲು ಸರ್ಕಾರಿ ಕಚೇರಿಗೆ ಹೋಯಿತು. ಒಮ್ಮೆ ಹಾಗೇ ವಾಪಸ್ ಬಂತು, ವಿಳಾಸದಲ್ಲಿ ರಸ್ತೆಯ ಹಳೆಯ ಹೆಸರಿದೆಯೆಂದು. ಮತ್ತೆ ಹೋಯಿತು. ಊಟದ ಬಿಡುವಿನಲ್ಲಿ ದಿಯೋಲಿಂಡಾ ಕಚೇರಿಗೆ ಫೋನ್ ಹಚ್ಚಿ, ಆ ಕಡೆಯ ಸಂಗೀತ ಕೇಳುತ್ತಾ ಊಟ ಮಾಡುತ್ತಿದ್ದರು. "ಆ ಹಾಡಿಗೆ ಈಗ ಕುಣಿಯೋಕೂ ಬರುತ್ತೆ ನಂಗೆ."

ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಕು ಹರಿಯುವ ಮುಂಚೆ ಜುವಾಕಿಂ ಬಂದರು. ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಹಬ್ಬಕ್ಕೆ ಮಾತ್ರ ಹಾಕುವ ಟೋಪಿ. ಕೌಂಟರಿನ ಮೇಲೆ ಪರವಾನಗಿ ಇಟ್ಟರು. ಹಿಂದೆ ಒಂಬತ್ತು ಜನ. ಅವತ್ತು ಇದ್ದವರಲ್ಲಿ ಮೂವರು ಇವತ್ತೂ ಇದ್ದರು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ನಿಂತಿತು.

ದಿಯೋಲಿಂಡಾ ಬಾಗಲಿಲ್ಲ. ನೆಟ್ಟಗೆ ನಿಂತು ಓದಿದರು: "ಜುವಾಕಿಂ ಸಿಲ್ವೇರಾ. ಅನುಮತಿ ಇದೆ."

ಮುದುಕರು ಅಲುಗಲಿಲ್ಲ. "ಇನ್ನೊಂದ್ಸಲ ಓದು."

"ಯಾಕೆ, ಕಿವಿ ಕೇಳ್ಲಿಲ್ವಾ?"

"ನನಗೆ ಕೇಳ್ತು. ಇವರಿಗೆ ಕೇಳ್ಲಿಲ್ವೇನೋ ಅಂತ."

ಅವರು ಮತ್ತೆ ಓದಿದರು, ಈ ಸಲ ಇನ್ನೂ ನಿಧಾನವಾಗಿ, ದ್ವೀಪದಲ್ಲಿ ತಾಯಂದಿರು ಮಕ್ಕಳನ್ನು ಕೂಗುವ ಹಾಗೆ ಎಳೆದು.

ಸರದಿ ಅಷ್ಟು ಹೊತ್ತು ನಿಂತುಬಿಟ್ಟಿತಲ್ಲ ಎಂದು ನಾನು ಕೇಳಿದರೆ ದಿಯೋಲಿಂಡಾ ಹುಬ್ಬೇರಿಸುತ್ತಾರೆ. "ನಿಲ್ಲಲಿ ಬಿಡಮ್ಮ. ಆ ಮನುಷ್ಯ ಹನ್ನೊಂದು ವಾರ ನಿಂತಿದ್ದ."