ಗೇಟಿನ ಎದುರು ಹನ್ನೆರಡು ನಿಮಿಷ

ಹೋದ ತಿಂಗಳು ನಾನು ಒಬ್ಬಳ ನೆಮ್ಮದಿಗೆ ಕಲ್ಲು ಹಾಕಿದೆ. ಬೈದು ಅಲ್ಲ, ದೂರು ಕೊಟ್ಟೂ ಅಲ್ಲ. ಬೆಲ್ಲ ನೀರು ಕೊಟ್ಟು.

ಸ್ಮಾರ್ಟ್ ಸಿಟಿ ಎಂದರೆ ಮಂಗಳೂರು, ನಮ್ಮಂಥ ಸಣ್ಣ ಪೇಟೆಯವರಿಗೆ ಅದರ ಉಸಾಬರಿ ಇಲ್ಲ ಎಂದುಕೊಂಡು ಹಾಯಾಗಿದ್ದೆ. ಆದರೆ ಪುತ್ತೂರು–ಸುಳ್ಯ ದಾರಿಯ ನಮ್ಮ ಪೇಟೆಗೂ ಅದು ಬಂತು. ಹೇಗೆ? ಗೇಟಿಗೆ ಅಂಟಿಸಿದ ಒಂದು ಸ್ಟಿಕ್ಕರ್ ಆಗಿ. ಕಸದ ಗಾಡಿಯವರು ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬೇಕು. ಗಾಡಿ ಎಲ್ಲಿದೆ, ಎಷ್ಟು ಹೊತ್ತು ನಿಂತಿತು, ಎಲ್ಲವೂ ಆಫೀಸಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ದೇವರ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಒಳ್ಳೆಯದೇ ಆಯಿತು. ಮೊದಲು ನಮ್ಮ ಬೀದಿಯ ತಿರುವಿನಲ್ಲಿ ಕಸದ ರಾಶಿ, ಅದರ ಮೇಲೆ ನಾಯಿಗಳ ಮಹಾಸಭೆ. ದೇವಸ್ಥಾನಕ್ಕೆ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಬೇಕಿತ್ತು. ಈಗ ಅಲ್ಲಿ ಯಾರೋ ದಾಸವಾಳ ನೆಟ್ಟಿದ್ದಾರೆ. (ನನ್ನ ಪೂಜೆಗೂ ಎರಡು ಹೂ ಸಿಗುತ್ತದೆ.)

ಗಾಡಿ ಓಡಿಸಿಕೊಂಡು ಬರುತ್ತಿದ್ದವಳು ಗುಲಾಬಿ. ಈ ರೂಟನ್ನು ಅವಳು ಕೇಳಿ ಪಡೆದದ್ದು. ನಮ್ಮ ಬೀದಿಯ ಕೊನೆಯಲ್ಲಿ ಅಂಗನವಾಡಿ, ಅಲ್ಲಿ ಅವಳ ಮೂರು ವರ್ಷದ ಮಗಳು. ಕೆಲಸ ಮುಗಿಸಿದರೆ ಮಗುವನ್ನು ಎತ್ತಿಕೊಂಡು ಸೀದಾ ಮನೆಗೆ.

ನಮ್ಮ ಗೇಟಿಗೆ ಬರುವಾಗ ಹನ್ನೊಂದು ಗಂಟೆ. ಸುಡು ಬಿಸಿಲು. ಬಿಸಿಲಿನಲ್ಲಿ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡುವುದು ನಮ್ಮ ಕಡೆಯ ಕ್ರಮ. ಕೊಡದೆ ಕಳಿಸಿದರೆ ಬೆಳಗ್ಗಿನ ಪೂಜೆ ಅರ್ಧಕ್ಕೇ ನಿಂತ ಹಾಗೆ ನನಗೆ. ಬೆಲ್ಲ ನೀರು ಎಂದ ಮೇಲೆ ಜಗಲಿಯಲ್ಲಿ ಕೂರುವುದು, ಎರಡು ಮಾತು, ಒಂದು ನಗೆ, ಎಲ್ಲ ಅದರ ಜೊತೆಗೇ ಬರುತ್ತದಲ್ಲವೇ?

"ಇವತ್ತು ಬೇಡ ಅಕ್ಕ, ಲೇಟ್ ಆಗ್ತದೆ" ಎಂದಿದ್ದಳು ಒಂದು ದಿನ.

"ಎಂತ ಲೇಟ್ ಮಾರಾಯ್ತಿ? ಕಸ ಎಂತ ಓಡಿ ಹೋಗ್ತದಾ?"

"ಹಾಗಲ್ಲ. ಈ ಮೊಬೈಲ್ ನೋಡ್ತಾ ಉಂಟು."

"ನೋಡ್ಲಿ. ಅದಕ್ಕೂ ಒಂದು ಲೋಟ ಕೊಡುವಾ. ಕೂತ್ಕೋ."

ಕೂತಳು. ದೊಡ್ಡವಳು ಹೇಳಿದರೆ ಇಲ್ಲ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಹೆದರಿಯೇ ಹೇಳಿದ್ದಳು ಎಂದು ನನಗೆ ಹೊಳೆಯಲಿಲ್ಲ. ನನ್ನ ಉಪಚಾರದ ಅಮಲು ನನಗೆ.

ಎರಡು ವಾರ ಕಳೆದು ಅವಳಿಗೆ ನೋಟಿಸು ಬಂತು. ಒಂದೇ ಜಾಗದಲ್ಲಿ ದಿನಾ ಹನ್ನೆರಡು ನಿಮಿಷ ಗಾಡಿ ನಿಲ್ಲುತ್ತದೆ, ರೂಟ್ ಬದಲಿಸಲಾಗುವುದು ಎಂದು. ಆ ಜಾಗ ಯಾವುದು ಎಂದು ಬೇರೆ ಹೇಳಬೇಕೇ?

ದೇವರಿಗೆ ಕೈಮುಗಿದು, ಕಸದ ಗುತ್ತಿಗೆ ಹಿಡಿದವರ ಆಫೀಸಿಗೆ ನಾನೇ ಹೋದೆ. ಒಬ್ಬ ಹುಡುಗಿ ಕುರ್ಚಿ ಕೊಟ್ಟು ಕೂರಿಸಿ, ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ನಮ್ಮ ಬೀದಿಯಿಡೀ ಹಸಿರು ಗೆರೆ. ನಮ್ಮ ಗೇಟಿನಲ್ಲಿ ಮಾತ್ರ ಕುಂಕುಮದಷ್ಟು ದೊಡ್ಡ ಕೆಂಪು ಬೊಟ್ಟು.

"ಅವಳು ನಿಂತದ್ದಲ್ಲ ಮಗಾ, ನಾನು ನಿಲ್ಲಿಸಿದ್ದು. ಹಾಗೆ ಬರೆದುಕೋ."

"ಬರೀಲಿಕ್ಕೆ ಜಾಗ ಇಲ್ಲ ಅಮ್ಮ. ಮೂರೇ ಕಾರಣ ಉಂಟು ಇದರಲ್ಲಿ. ರಸ್ತೆ ಬಂದ್, ಜೋರು ಮಳೆ, ಗಾಡಿ ಹಾಳು."

"ಹಾಗಾದ್ರೆ ಗಾಡಿ ಹಾಳು ಅಂತ ಒತ್ತಿಬಿಡು." (ಸುಳ್ಳು ಹೇಳಿಸಲು ಹೊರಟವಳು ನಾನೇ! ದೇವರು ಕ್ಷಮಿಸಲಿ.)

"ದಿನಾ ನಿಮ್ಮ ಗೇಟಿನ ಎದುರೇ ಹಾಳಾಗುದಾ ಅಮ್ಮ?"

ಅವಳೂ ನಕ್ಕಳು, ನಾನೂ ನಕ್ಕೆ. ಅವಳನ್ನು ದೂರಿ ಏನು ಸುಖ? ಆ ಪಟ್ಟಿ ಮಾಡಿದವರು ಯಾರೋ, ಎಲ್ಲಿಯವರೋ. ದೊಡ್ಡ ಬುದ್ಧಿವಂತರೇ ಇರಬೇಕು. ಗಾಡಿ ಹಾಳಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಓಡಿಸುವವಳಿಗೆ ಬಾಯಾರುತ್ತದೆ ಎಂದು ಯಾರೂ ಹೇಳಲಿಲ್ಲವೇ?

ಗುಲಾಬಿಗೆ ಈಗ ಪೇಟೆಯ ಇನ್ನೊಂದು ತುದಿಯ ರೂಟ್. ಅಂಗನವಾಡಿ ಬಿಡುವ ಹೊತ್ತಿಗೆ ಅವಳು ಮೂರು ಮೈಲು ಆಚೆ. ಮಗುವನ್ನು ದೂರದ ಆಲಂಕಾರು ಊರಿನ ಅಜ್ಜಿಮನೆಯಲ್ಲಿ ಬಿಟ್ಟಿದ್ದಾಳೆ. ಭಾನುವಾರ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಾಳೆ. ಕೆಲಸ ಉಳಿಯಿತಲ್ಲ, ಮಗುವಿಗೆ ಅಜ್ಜಿಯಾದರೂ ಇದ್ದಾಳಲ್ಲ ಎಂದು ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ. ಹಾಗೆ ನೆನೆದರೂ ಮನಸ್ಸು ತಣ್ಣಗಾಗುವುದಿಲ್ಲ.

ಫೋನ್ ಮಾಡಿ ತಪ್ಪಾಯಿತು ಎಂದೆ.

"ನಿಮ್ಮದೆಂತ ತಪ್ಪು ಅಕ್ಕ? ಬಾಯಾರಿತ್ತು, ಕುಡಿದೆ" ಎಂದಳು. ಮತ್ತೆ ಮಗಳ ಮಾತು ತೆಗೆದಳು: "ಮೊನ್ನೆ ಭಾನುವಾರ ನಾನು ಹೊರಡುವಾಗ ಇವಳು ಅಳಲಿಲ್ಲ. ಅದೇ ಒಂದು ನಮೂನೆ ಆದದ್ದು ನಂಗೆ."

ಬೈದಿದ್ದರೆ ಒಳ್ಳೆಯದಿತ್ತು.

ಈಗ ಹೊಸಬಳೊಬ್ಬಳು ಬರುತ್ತಾಳೆ. ಮೊನ್ನೆ ಅವಳು ಸ್ಕ್ಯಾನ್ ಮಾಡಿ, ಬಕೆಟ್ ಸುರಿದು, ಗೇಟು ಹಿಡಿದುಕೊಂಡು ಬೆವರು ಒರೆಸಿದಳು. ಜಗಲಿಯ ಕಡೆಗೊಮ್ಮೆ ನೋಡಿದಳು. ನಾನು ಒಳಗಿನಿಂದಲೇ ಕೂಗಿದೆ, "ನಿಲ್ಲಬೇಡ ಮಾರಾಯ್ತಿ, ಬೇಗ ಹೋಗು."

ನಮ್ಮ ಪೇಟೆ ಸ್ಮಾರ್ಟ್ ಆಯಿತೋ ಇಲ್ಲವೋ ಗೊತ್ತಿಲ್ಲ, ನಾನಂತೂ ಆದೆ.