ಅಕ್ಕನ ಅಕ್ಷರಾಭ್ಯಾಸ

ಸಂಕಲ್ಪ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಹೊಳೆನರಸೀಪುರದಲ್ಲಿ ಇರಲಿಲ್ಲ. ನಶ್ಯ ಬಿಡುವುದು, ಬೆಳಗ್ಗೆ ಹೊಳೆಯವರೆಗೆ ನಡೆಯುವುದು, ಯಾರ ಮೇಲೂ ರೇಗದಿರುವುದು, ಎಲ್ಲಕ್ಕೂ ಯುಗಾದಿಯೇ ಮುಹೂರ್ತ. ಯುಗಾದಿ ತಪ್ಪಿದರೆ ವಿಜಯದಶಮಿ. ಅದೂ ತಪ್ಪಿದರೆ ಸೋಮವಾರಗಳಿಗೇನು ಬರವೇ? ಆಷಾಢ, ಧನುರ್ಮಾಸ, ಅಮಾವಾಸ್ಯೆ, ರಾಹುಕಾಲಗಳನ್ನು ಕಳೆದರೆ ಸೋಮಾರಿಯ ಪಾಲಿಗೆ ವರ್ಷದಲ್ಲಿ ಉಳಿಯುವುದು ತೀರ ಕಡಿಮೆ. ಇದರಿಂದ ಕೆಟ್ಟವನು ನಾನೊಬ್ಬನೇ ಆಗಿದ್ದರೆ ನಗುನಗುತ್ತಲೇ ಬರೆಯಬಹುದಿತ್ತು.

ನನ್ನ ಅಕ್ಕ ಪುಟ್ಟಮ್ಮ ಚನ್ನರಾಯಪಟ್ಟಣದಲ್ಲಿದ್ದಳು. ಗಂಡ ತೀರಿಹೋಗಿದ್ದ, ಓದುಬರಹ ಬರುತ್ತಿರಲಿಲ್ಲ. ಒಬ್ಬಳೇ ಮಗಳು ಜಯಳನ್ನು ಅರಕಲಗೂಡಿಗೆ ಕೊಟ್ಟಿತ್ತು. ಜಯಳ ಚೊಚ್ಚಲ ಕೂಸು ಜ್ವರ ಬಂದು ತೀರಿಕೊಂಡಾಗ ಅಕ್ಕ ಸಂಕಟದಲ್ಲಿ, "ಹೆತ್ರೆ ಸಾಕೇನೇ? ನೋಡ್ಕಳಕ್ಕೂ ಬರ್ಬೇಕು" ಎಂದುಬಿಟ್ಟಳು. ಜಯ ಮತ್ತೆ ತವರಿನ ಹೊಸ್ತಿಲು ತುಳಿಯಲಿಲ್ಲ.

ಅಕ್ಕನ ಊರಿಗೆ ಹೋದಾಗಲೆಲ್ಲ, ಅವಳು ಹೇಳಿದಂತೆ ಮಗಳಿಗೆ ಕಾಗದ ಬರೆದುಕೊಡುತ್ತಿದ್ದವನು ನಾನು. "ಇಲ್ಲಿ ಎಲ್ಲರೂ ಕ್ಷೇಮ" ಎಂಬಲ್ಲಿಗೆ ಅವಳ ಬಾಯಿ ಕಟ್ಟುತ್ತಿತ್ತು. ಒಂದು ದಿನ ಹೇಳಿದಳು: "ನಂಗೇ ಒಸಿ ಅಕ್ಸರ ಕಲ್ಸು ಕಣ್ಲಾ. ಅವ್ಳಿಗೊಂದು ಮಾತು ಹೇಳ್ಬೇಕು. ಇನ್ನೊಬ್ರ ಕೈಲಿ ಬರ್ಸಾ ಮಾತಲ್ಲ."

ನಾನು ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಮೇಷ್ಟ್ರು. "ಈಗ ಆಷಾಢ ಕಣಕ್ಕಾ, ವಿಜಯದಶಮಿಗೆ ಶುರು ಮಾಡಣ" ಎಂದೆ. ವಿಜಯದಶಮಿಗೆ ನನಗೆ ನೆಗಡಿ. ಯುಗಾದಿಗೆ ಪರೀಕ್ಷೆಯ ಕೆಲಸ. ಹೀಗೇ ಐದು ವರ್ಷ. ಪ್ರತಿ ಹಬ್ಬಕ್ಕೂ ಅವಳು ಸ್ಲೇಟು ತೊಳೆದಿಟ್ಟು ಕಾಯುತ್ತಿದ್ದಳೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು.

ಚೀನಾ ಯುದ್ಧದ ವರ್ಷ ಅವಳ ಕಣ್ಣು ಮಂಜಾಗುತ್ತಾ ಬಂದು ಪೂರ್ತಿ ಹೋಯಿತು. ಒಳಗಿನ ನರವೇ ಬತ್ತಿದೆ, ಮಾಡುವಂಥದ್ದೇನೂ ಇಲ್ಲ ಎಂದರು ಹಾಸನದ ಡಾಕ್ಟರು. ಅಕ್ಕನನ್ನು ನಮ್ಮ ಮನೆಗೆ ಕರೆತಂದೆ. ಬಂದ ಮಾರನೆಯ ಬೆಳಗ್ಗೆ ಅವಳು, "ಕಣ್ಣೋದ್ರೆ ಏನ್ಲಾ, ಬೆರಳವೆ. ಕಲುಸ್ತೀಯೋ ಇಲ್ವೋ?" ಎಂದು ಕೈ ಚಾಚಿದಳು. ಅಂದು ಅಮಾವಾಸ್ಯೆ. ಆದರೂ ನಾನು ತಟ್ಟೆಯಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು 'ಅ' ಬರೆಸಿದೆ.

ನಾಲ್ಕು ತಿಂಗಳಾದ ಮೇಲೆ ಒಂದು ಕಾರ್ಡು ಕೇಳಿದಳು. ಬಾಗಿಲು ಹಾಕಿಸಿ, ಮಧ್ಯಾಹ್ನವೆಲ್ಲ ಕುಳಿತು ಬರೆದಳು. "ಓದ್ಬ್ಯಾಡ ಕಣ್ಲಾ, ಡಬ್ಬಿಗಾಕು" ಎಂದಳು. ಓದಿದೆ, ಸುಳ್ಳೇಕೆ? ಆದರೆ ಓದಲು ಏನೂ ಇರಲಿಲ್ಲ. ಸಾಲಿನ ಮೇಲೆ ಸಾಲು ಕೂತು ಎಲ್ಲವೂ ಕಲಸಿಹೋಗಿತ್ತು. ಇನ್ನೊಮ್ಮೆ ಬರೆ ಎನ್ನಲು ಬಾಯಿ ಬರಲಿಲ್ಲ. ವಿಳಾಸವನ್ನೂ, ಪಕ್ಕದಲ್ಲಿ 'ನಮ್ಮ ಮನೆಯಿಂದ ನಿನ್ನ ಅವ್ವ ಬರೆದದ್ದು' ಎಂಬುದನ್ನೂ ಅಷ್ಟೇ ನಾನು ಬರೆದು ಡಬ್ಬಿಗೆ ಹಾಕಿದೆ.

ಮೂರನೆಯ ದಿನ ಜಯ ಬಸ್ಸಿಳಿದು ಓಡುತ್ತಾ ಬಂದಳು. "ಏನಾಯ್ತು ಮಾವ? ಇದೇನ್ ಬರ್ದವ್ಳೆ ಅವ್ವ? ಒಂದಕ್ಸರಾನೂ ಗೊತ್ತಾಯ್ತಿಲ್ವಲ್ಲ!"

ಒಳಗಿನಿಂದ ಅಕ್ಕನ ದನಿ: "ಓದಕ್ಕಾಗ್ನಿಲ್ವಾ ಮಗಾ? ಬಾ, ಹತ್ರ ಕೂತ್ಕೋ. ಬಾಯಲ್ಲೇ ಹೇಳ್ತೀನಿ."

ನಾನು ಹೊರಗೆ ಹೋಗಿ ಜಗಲಿಯಲ್ಲಿ ಕುಳಿತೆ. ಆ ಮಾತೇನೆಂದು ನನಗೆ ಇಂದಿಗೂ ತಿಳಿಯದು. ಮೊದಲು ಜಯ ಅತ್ತದ್ದು ಕೇಳಿಸಿತು, ಆಮೇಲೆ ಇಬ್ಬರೂ ಅತ್ತದ್ದು.

ಜಯ ಎಂಟು ದಿನ ಇದ್ದಳು. ತಾಯಿಯ ತಲೆಗೆ ಎಣ್ಣೆಯೊತ್ತಿದಳು, ತುತ್ತು ಮಾಡಿ ಉಣ್ಣಿಸಿದಳು. ಮತ್ತೆ ಬರುವೆನೆಂದು ಹೋದವಳು ಬರುವ ಮೊದಲೇ ಅಕ್ಕ ತೀರಿಕೊಂಡಳು. ಅವರಿಬ್ಬರಿಗೆ ಸಿಕ್ಕಿದ್ದು ಎಂಟು ದಿನ. ಐದು ವರ್ಷವನ್ನು ನಾನು ಒಳ್ಳೆಯ ದಿನ ಹುಡುಕುತ್ತಾ ಕಳೆದಿದ್ದೆ.

ಈಗ ಯಾರು ಏನು ಕೇಳಿದರೂ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ "ಹ್ಞೂಂ" ಅನ್ನುತ್ತೇನೆ. "ಎಲ್ಲಿಗೆ ಅಂತಾದ್ರೂ ಕೇಳ್ಕಂಡು ಹೊರಡಿ" ಎಂದು ಹೆಂಡತಿ ನಗುತ್ತಾಳೆ. ಅದನ್ನು ದಾರಿಯಲ್ಲಿ ಕೇಳಿಕೊಂಡರಾಯಿತು.